ಅನ್ನದೊಳಗಿನ ಕೊರತೆಯನ್ನು ಕಂಡ ಮಹನೀಯ: ಡಾ. ಜೋಸೆಫ್ ಗೋಲ್ಡ್‌ಬರ್ಗರ್

ಹಸಿದವನಿಗೆ ಅನ್ನವಿಕ್ಕುವುದು ಶ್ರೇಷ್ಠ ಕಾರ್ಯವೆಂಬುದನ್ನು ಲೋಕದ ಎಲ್ಲ ಧರ್ಮಗಳೂ ಸಾರಿವೆ. ಶರಣರು ಅದನ್ನು ದಾಸೋಹವೆಂದು ಕರೆದು ಕಾಯಕದ ಸರಿಸಮಾನ ಸ್ಥಾನದಲ್ಲಿ ಇರಿಸಿದರು. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹದ ಹಸಿವೆಲ್ಲ ಹಿಂಗಿತೆಂದು ತಿಳಿಯುವುದು ಸರಿಯಲ್ಲ. ಪಿಷ್ಟವೂ ಕೊಬ್ಬೂ ಬೇಕಾದಷ್ಟಿದ್ದು, ಉಂಡವನು ತೃಪ್ತಿಯಿಂದ ಕೈತೊಳೆದು ಎದ್ದರೂ, ಆ ಅನ್ನದಲ್ಲಿ ಕಣ್ಣಿಗೆ ಕಾಣದ ಒಂದು ಅಂಶದ ಕೊರತೆಯಿದ್ದರೆ ಅದೇ ಅನ್ನ ಅವನನ್ನು ರೋಗಕ್ಕೂ ಬುದ್ಧಿಭ್ರಮಣೆಗೂ ಕೊನೆಗೆ ಮರಣಕ್ಕೂ ಒಯ್ಯಬಲ್ಲದು. ಈ ಸತ್ಯವನ್ನು ಅನಾಥ ಮಕ್ಕಳ ಊಟದ ಪಂಕ್ತಿಯಲ್ಲಿ ಕಂಡುಕೊಂಡು, ಅದನ್ನು ಲೋಕ ಒಪ್ಪುವಂತೆ ಮಾಡುವುದಕ್ಕಾಗಿ ತಮ್ಮ ಬಾಳಿನ ಕೊನೆಯ ಹದಿನೈದು ವರ್ಷಗಳನ್ನು ಸವೆಸಿದವರು ಅಮೆರಿಕದ ವೈದ್ಯರಾದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಅವರು.

ಗೋಲ್ಡ್‌ಬರ್ಗರ್ ಅವರು 1874ನೆಯ ಇಸವಿ ಜುಲೈ 16ರಂದು ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಗಿರಾಲ್ಟ್ ಎಂಬ ಸಣ್ಣ ಊರಿನಲ್ಲಿ ಬಡ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಆ ಊರು ಇಂದು ಸ್ಲೊವಾಕಿಯಾ ದೇಶದಲ್ಲಿದೆ. 1883ರಲ್ಲಿ ಕುಟುಂಬವು ಜೀವನೋಪಾಯವನ್ನು ಅರಸಿ ಅಮೆರಿಕಕ್ಕೆ ವಲಸೆ ಹೋಗಿ, ನ್ಯೂಯಾರ್ಕ್ ನಗರದ ಕಿಕ್ಕಿರಿದ ಬಡವರ ಕೇರಿಯಲ್ಲಿ ನೆಲೆಸಿತು. ತಂದೆ ಒಂದು ಚಿಕ್ಕ ಕಿರಾಣಿ ಅಂಗಡಿಯನ್ನು ಇಟ್ಟರು. ಬಾಲಕ ಜೋಸೆಫ್ ಅಂಗಡಿಯ ಸಾಮಾನುಗಳನ್ನು ಮನೆಮನೆಗೆ ಮುಟ್ಟಿಸುತ್ತ ಶಾಲೆಯ ವಿದ್ಯಾಭ್ಯಾಸವನ್ನು ಮುಂದುವರಿಸಿದನು. ಯಾವ ಮನೆಯವರು ಏನನ್ನು ಕೊಳ್ಳುತ್ತಾರೆ, ಕೈಯಲ್ಲಿ ಕಾಸು ಕಡಮೆಯಾದಾಗ ಮೊದಲು ಯಾವ ಪದಾರ್ಥವನ್ನು ಬಿಡುತ್ತಾರೆ ಎಂಬುದನ್ನು ಕಾಣುವ ಅವಕಾಶ ಅಂಗಡಿಯವನ ಮಗನಿಗೆ ಎಳವೆಯಲ್ಲಿಯೇ ಒದಗಿತ್ತು.

ಮೊದಲು ಇಂಜಿನಿಯರಿಂಗ್ ವಿದ್ಯೆಯನ್ನು ಆರಿಸಿಕೊಂಡಿದ್ದ ಅವರು ವೈದ್ಯ ಪ್ರಾಧ್ಯಾಪಕರೊಬ್ಬರ ಉಪನ್ಯಾಸವನ್ನು ಕೇಳಿ ಮನಸ್ಸು ಬದಲಿಸಿ, 1892ರಲ್ಲಿ ಬೆಲ್ವ್ಯೂ ವೈದ್ಯಕೀಯ ಕಾಲೇಜನ್ನು ಸೇರಿದರು. 1895ರಲ್ಲಿ ಪದವಿ ಪಡೆದು ಕೆಲಕಾಲ ಸ್ವಂತ ವೃತ್ತಿಯನ್ನು ನಡೆಸಿದರೂ ಅದರಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. 1899ರಲ್ಲಿ ಸರಕಾರದ ಆರೋಗ್ಯ ಸೇವೆಗೆ ಸೇರಿ, ನ್ಯೂಯಾರ್ಕ್ ಬಂದರಿನಲ್ಲಿ ಹೊಸದಾಗಿ ಬಂದಿಳಿಯುವ ವಲಸೆಗಾರರನ್ನು ಪರೀಕ್ಷಿಸುವ ಕೆಲಸದಲ್ಲಿ ತೊಡಗಿದರು. ಹದಿನಾರು ವರ್ಷಗಳ ಹಿಂದೆ ಅದೇ ಬಂದರಿನಲ್ಲಿ ತಾವೂ ಬಾಲಕನಾಗಿ ಬಂದಿಳಿದವರು.

ಮುಂದಿನ ವರ್ಷಗಳಲ್ಲಿ ಸಾಂಕ್ರಾಮಿಕ ರೋಗಗಳು ಎಲ್ಲಿ ತಲೆಯೆತ್ತಿದರೆ ಅಲ್ಲಿಗೆ ಅವರನ್ನು ಕಳುಹಿಸಲಾಗುತ್ತಿತ್ತು. ಹಳದಿ ಜ್ವರ, ಡೆಂಗಿ, ಟೈಫಸ್ ಮೊದಲಾದವುಗಳ ಅಭ್ಯಾಸದಲ್ಲಿ ಅವರು ನುರಿತರು. ಆ ಮೂರೂ ರೋಗಗಳಿಗೆ ಸ್ವತಃ ತುತ್ತಾಗಿ ಸಾವಿನ ಬಾಗಿಲನ್ನು ಮುಟ್ಟಿ ಬಂದರು. 1906ರಲ್ಲಿ ದಕ್ಷಿಣ ಅಮೆರಿಕನ್ ರಾಜ್ಯಗಳ ಪ್ರತಿಷ್ಠಿತ ಕ್ರೈಸ್ತ ಮನೆತನವೊಂದರ ಮೇರಿ ಫರ‍್ರಾರ್ ಅವರೊಡನೆ ಅವರ ವಿವಾಹ ಜರುಗಿತು. ಎರಡೂ ಮನೆಗಳವರಿಗೆ ಈ ಸಂಬಂಧ ಸುಲಭವಾಗಿ ಒಪ್ಪಿಗೆಯಾಗಲಿಲ್ಲವಾದರೂ ಆ ದಾಂಪತ್ಯ ಅನ್ಯೋನ್ಯವಾಗಿದ್ದಿತು. ಪತಿಯ ಕಾಯಕದಲ್ಲಿ ಆ ಸಾಧ್ವಿ ಎಷ್ಟರಮಟ್ಟಿಗೆ ಪಾಲುಗೊಂಡರೆಂಬುದು ಮುಂದೆ ತಿಳಿದುಬರುವುದು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆ ಕಾಲಕ್ಕೆ ಪೆಲ್ಲಾಗ್ರವೆಂಬ ರೋಗ ಹಬ್ಬುತ್ತಿತ್ತು. ರೋಗವೇನೋ ಹೊಸದಲ್ಲ. 1735ರಲ್ಲಿ ಸ್ಪೇನ್ ದೇಶದ ಗಾಸ್ಪಾರ್ ಕಸಾಲ್ ಎಂಬ ವೈದ್ಯರು ಅದನ್ನು ಗುರುತಿಸಿದ್ದರು. ಇಟಲಿಯ ರೈತಾಪಿ ಜನರ ಭಾಷೆಯಲ್ಲಿ ಪೆಲ್ಲಾಗ್ರವೆಂದರೆ ಒರಟು ಚರ್ಮ. ಬಿಸಿಲು ತಾಗುವ ಕೈ, ಕಾಲು, ಮುಖ, ಕೊರಳುಗಳ ಚರ್ಮ ಕೆಂಪೇರಿ ಕಪ್ಪಾಗಿ ಸುಲಿಯುವುದು, ನಾಲಿಗೆ ಹುಣ್ಣಾಗುವುದು, ನಿಲ್ಲದ ಭೇದಿ ಹತ್ತುವುದು, ಮನಸ್ಸು ಕುಗ್ಗಿ ಬುದ್ಧಿ ಕೆಡುವುದು, ಕೊನೆಗೆ ಪ್ರಾಣವೇ ಹೋಗುವುದು. 1906ರಲ್ಲಿ ಅಲಬಾಮ ರಾಜ್ಯದ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ಈ ರೋಗ ತಗಲಿದ 88 ಜನರಲ್ಲಿ 57 ಜನ ಮೃತರಾದರು. ಗೋವಿನ ಜೋಳವನ್ನು ಉಣ್ಣುವ ಬಡವರಲ್ಲಿಯೇ ಇದು ಹೆಚ್ಚೆಂಬುದು ಹಿಂದಿನಿಂದಲೂ ತಿಳಿದಿತ್ತು. ಆದರೆ ಕೆಟ್ಟ ಜೋಳದಲ್ಲಿಯ ವಿಷ ಇದಕ್ಕೆ ಕಾರಣವೆಂದು ಕೆಲವರೂ, ಇದೊಂದು ಅಂಟುರೋಗವೆಂದು ಹಲವರೂ ವಾದಿಸುತ್ತಿದ್ದರು. ರೋಗಾಣುಗಳ ಶೋಧ ಆಗತಾನೆ ಹೊಸ ಬೆಳಕನ್ನು ತಂದಿದ್ದ ಆ ಕಾಲದಲ್ಲಿ ಎಲ್ಲ ರೋಗಕ್ಕೂ ಒಂದು ರೋಗಾಣುವನ್ನೇ ಹುಡುಕುವುದು ವಾಡಿಕೆಯಾಗಿದ್ದಿತು. ರೋಗಿಗಳನ್ನು ಜನ ಊರಿನಿಂದ ದೂರವಿಟ್ಟರು. ಕೆಲವು ಆಸ್ಪತ್ರೆಗಳೂ ಅವರಿಗೆ ಬಾಗಿಲು ಮುಚ್ಚಿದವು.

1914ರಲ್ಲಿ ಸರಕಾರವು ಈ ರೋಗದ ಶೋಧವನ್ನು ಗೋಲ್ಡ್‌ಬರ್ಗರ್ ಅವರಿಗೆ ಒಪ್ಪಿಸಿತು. ಅವರು ಮೊದಲು ಸೂಕ್ಷ್ಮದರ್ಶಕವನ್ನು ಹಿಡಿದು ಕೂಡಲಿಲ್ಲ. ಆಸ್ಪತ್ರೆ, ಅನಾಥಾಲಯ, ಸೆರೆಮನೆಗಳನ್ನು ಸುತ್ತಿ ಕಣ್ಣಾರೆ ನೋಡಿದರು. ಮಾನಸಿಕ ರೋಗಿಗಳ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆಯಿಂದ ಇದ್ದ ರೋಗಿಗಳಿಗೆ ಪೆಲ್ಲಾಗ್ರ ಬರುತ್ತಿತ್ತು. ಅವರನ್ನು ಮುಟ್ಟಿ ಮೈತೊಳೆದು ಹಗಲಿರುಳು ಆರೈಕೆ ಮಾಡುವ ದಾದಿಯರಿಗೂ ಸೇವಕರಿಗೂ ಬರುತ್ತಿರಲಿಲ್ಲ. ಅಂಟುರೋಗವಾಗಿದ್ದರೆ ಅದು ಸಂಬಳದವರನ್ನು ಬಿಟ್ಟು ಆಶ್ರಿತರನ್ನೇ ಆರಿಸಿಕೊಳ್ಳುವುದು ಹೇಗೆ? ವಾಸವಾಗಿದ್ದ ಕಟ್ಟಡ ಒಂದೇ, ಗಾಳಿ ಒಂದೇ, ನೀರು ಒಂದೇ. ಆದರೆ ಊಟ ಒಂದೇ ಆಗಿರಲಿಲ್ಲ. ಸೇವಕರಿಗೆ ಬೇಕಾದುದನ್ನು ಆರಿಸಿ ಉಣ್ಣುವ ಅವಕಾಶವಿದ್ದಿತು. ಒಳ್ಳೆಯ ಪದಾರ್ಥಗಳು ಮೊದಲು ಅವರ ತಟ್ಟೆಗೇ ಬೀಳುತ್ತಿದ್ದವು.

ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದ ಎರಡು ಅನಾಥಾಲಯಗಳಲ್ಲಿ ಕಂಡ ಸಂಗತಿ ಇನ್ನೂ ಹೃದಯವಿದ್ರಾವಕವಾದುದು. ಅಲ್ಲಿ ರೋಗ ತಗಲಿದವರು ಬಹುಮಟ್ಟಿಗೆ ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳೇ ಆಗಿದ್ದರು. ಆರು ವರ್ಷಕ್ಕಿಂತ ಚಿಕ್ಕವರು ಕೂಸುಗಳೆಂಬ ಕಾರಣದಿಂದ ಅವರಿಗೆ ಹಾಲು ದೊರೆಯುತ್ತಿತ್ತು. ಹನ್ನೆರಡು ದಾಟಿದವರು ಹೊಲದಲ್ಲಿ ದುಡಿಯುವವರೆಂಬ ಕಾರಣದಿಂದ ಅವರಿಗೆ ಮಾಂಸ ದೊರೆಯುತ್ತಿತ್ತು. ಹಾಲು ಕುಡಿಯುವ ವಯಸ್ಸು ಮೀರಿದ, ದುಡಿಯುವ ವಯಸ್ಸು ಮುಟ್ಟದ ನಡುವಿನ ಮಕ್ಕಳಿಗೆ ಮಾತ್ರ ಗೋವಿನ ಜೋಳದ ನುಚ್ಚು, ಗಂಜಿ, ಕಾಕಂಬಿ, ಗೋಧಿಯ ರೊಟ್ಟಿ ಇವೇ ಮೂರು ಹೊತ್ತಿನ ಆಹಾರ. ಅವರನ್ನು ಯಾರೂ ಉಪವಾಸ ಕೆಡವಿರಲಿಲ್ಲ. ಅನಾಥಾಲಯವನ್ನು ನಡೆಸುವವರು ಕ್ರೂರಿಗಳೂ ಆಗಿರಲಿಲ್ಲ. ದಾನದ ಹಣದಲ್ಲಿ ಹೆಚ್ಚು ಮಕ್ಕಳ ಹೊಟ್ಟೆ ತುಂಬಿಸುವ ಸಲುವಾಗಿ ಅಗ್ಗದ ಧಾನ್ಯವನ್ನು ಆರಿಸಿದ್ದರು, ಅಷ್ಟೆ. ಸದುದ್ದೇಶದಿಂದ ಬಡಿಸಿದ ಆ ತಟ್ಟೆಯಲ್ಲಿಯೇ ರೋಗ ಅಡಗಿದ್ದಿತು.

1914ರ ಸಪ್ಟೆಂಬರ್ ತಿಂಗಳಿನಿಂದ ಸರಕಾರದ ಹಣದ ನೆರವಿನಿಂದ ಗೋಲ್ಡ್‌ಬರ್ಗರ್ ಅವರು ಆ ಎರಡೂ ಅನಾಥಾಲಯಗಳ ಊಟವನ್ನು ಬದಲಿಸಿದರು. ಹನ್ನೆರಡು ವರ್ಷದೊಳಗಿನ ಪ್ರತಿಯೊಂದು ಮಗುವಿಗೆ ದಿನಕ್ಕೆ ಎರಡು ಹೊತ್ತಾದರೂ ಹಾಲು, ವರ್ಷವಿಡೀ ಮಧ್ಯಾಹ್ನದ ಊಟದಲ್ಲಿ ಬಟಾಣಿ ಅವರೆಗಳಂಥ ಕಾಳುಗಳು, ಆ ನಾಡಿನ ರೂಢಿಯಂತೆ ಮೊಟ್ಟೆ ಮತ್ತು ಮಾಂಸ ಇವು ಸೇರಿದವು. ಗೋವಿನ ಜೋಳದ ಪ್ರಮಾಣ ಇಳಿಯಿತು. ಕಟ್ಟಡವನ್ನಾಗಲಿ ಶೌಚವ್ಯವಸ್ಥೆಯನ್ನಾಗಲಿ ಉದ್ದೇಶಪೂರ್ವಕವಾಗಿ ಬದಲಿಸದೆ ಹಾಗೆಯೇ ಬಿಟ್ಟರು. ಮುಂದಿನ ವರ್ಷ ರೋಗದ ಕಾಲವಾದ ವಸಂತ ಬಂದಿತು. ಹಿಂದೆ ರೋಗಪೀಡಿತರಾಗಿದ್ದು ಅಲ್ಲಿಯೇ ಉಳಿದಿದ್ದ 172 ಮಕ್ಕಳಲ್ಲಿ ಒಂದೇ ಒಂದು ಮಗುವಿಗೆ ರೋಗ ಮರುಕಳಿಸಿತು. ಹೊಸದಾಗಿ ಒಬ್ಬರಿಗೂ ಬರಲಿಲ್ಲ. ಜಾರ್ಜಿಯಾ ರಾಜ್ಯದ ಮಾನಸಿಕ ಆಸ್ಪತ್ರೆಯಲ್ಲಿ ನಡೆಸಿದ ಇಂಥದೇ ಪ್ರಯೋಗವೂ ಇದೇ ಫಲವನ್ನು ಕೊಟ್ಟಿತು. ನೆರವಿನ ಹಣ ನಿಂತು ಹಳೆಯ ಊಟ ಮರಳಿದ ಕಡೆ ರೋಗವೂ ಮರಳಿತು. ಊಟವನ್ನು ಮತ್ತೆ ಸರಿಪಡಿಸಿದಾಗ ಅದು ಮತ್ತೆ ಮಾಯವಾಯಿತು.

ಒಳ್ಳೆಯ ಊಟದಿಂದ ರೋಗ ಹೋಗುವುದನ್ನು ತೋರಿಸಿದ್ದಾಯಿತು. ಕೊರತೆಯ ಊಟದಿಂದ ರೋಗ ಬರುವುದನ್ನೂ ತೋರಿಸಬೇಕೆಂದು ವಿರೋಧಿಗಳು ಪಟ್ಟುಹಿಡಿದರು. ಮಿಸಿಸಿಪಿಯ ರಾಂಕಿನ್ ಸೆರೆಮನೆಯ ಕೃಷಿಕ್ಷೇತ್ರದಲ್ಲಿ 1915ರಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ಕೈದಿಗಳು ಇದಕ್ಕೆ ಮುಂದೆ ಬಂದರು. ಪ್ರಯೋಗ ಮುಗಿದ ಮೇಲೆ ಬಿಡುಗಡೆ ಮಾಡುವುದಾಗಿ ರಾಜ್ಯಪಾಲರು ಅವರಿಗೆ ವಚನವಿತ್ತರು. ಬೇರೆ ಕಾಯಿಲೆಯ ಕಾರಣ ಒಬ್ಬನು ನಡುವೆ ಹೊರಬಿದ್ದನು. ಉಳಿದ ಹನ್ನೊಂದು ಮಂದಿ ಆರು ತಿಂಗಳ ಕಾಲ ನುಚ್ಚು, ಗಂಜಿ, ಅಕ್ಕಿ, ಗೋಧಿಯ ರೊಟ್ಟಿ, ಗೆಣಸು, ಸಕ್ಕರೆ, ಕಾಕಂಬಿ ಇವನ್ನು ಬಯಸಿದಷ್ಟು ಉಂಡರು. ಹಾಲು, ಮಾಂಸ, ಕಾಳುಗಳು ಮಾತ್ರ ಇರಲಿಲ್ಲ. ಅವರ ವಾಸಸ್ಥಾನ ಉಳಿದ ಕೈದಿಗಳ ಸ್ಥಾನಕ್ಕಿಂತ ಶುಚಿಯಾಗಿದ್ದಿತು. ಆದರೂ ತಿಂಗಳುಗಳು ಕಳೆದಂತೆ ಅವರು ಬಳಲಿದರು, ಕುಗ್ಗಿದರು. ಹನ್ನೊಂದು ಜನರಲ್ಲಿ ಆರು ಜನರ ಚರ್ಮದಲ್ಲಿ ಪೆಲ್ಲಾಗ್ರದ ಗುರುತುಗಳು ಮೂಡಿದವು. ಕ್ಷೇತ್ರದ ಸಾಮಾನ್ಯ ಊಟ ಉಂಡ ಇತರ ಕೈದಿಗಳಲ್ಲಿ ಒಬ್ಬರಿಗೂ ರೋಗ ಬರಲಿಲ್ಲ. ಸೆರೆಯಲ್ಲಿರುವವನ ಒಪ್ಪಿಗೆ ನಿಜವಾಗಿ ಸ್ವತಂತ್ರವಾದುದೇ ಎಂಬ ಪ್ರಶ್ನೆಯನ್ನು ಅಂದು ಕೇಳಿದವರು ವಿರಳ. ಇಂದಿನ ವೈದ್ಯನೀತಿಯು ಅಂಥ ಪ್ರಯೋಗಕ್ಕೆ ಎಡೆಗೊಡುವುದಿಲ್ಲ. ಈ ಶೋಧದ ಋಣಭಾರದಲ್ಲಿ ಆ ಕೈದಿಗಳ ಪಾಲೂ ಇದೆಯೆಂಬುದನ್ನು ಮರೆಯಲಾಗದು.

ಇಷ್ಟಾದರೂ ಅಂಟುರೋಗವೆಂಬ ವಾದ ಅಡಗಲಿಲ್ಲ. ಆಗ ಗೋಲ್ಡ್‌ಬರ್ಗರ್ ಅವರು ತಮ್ಮ ದೇಹವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿದರು. 1916ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಸೇರಿ ಹದಿನಾರು ಮಂದಿ, ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ರೋಗಿಗಳ ಮೂಗು ಗಂಟಲುಗಳ ಸ್ರಾವವನ್ನು ತಮ್ಮ ಮೂಗು ಗಂಟಲುಗಳಿಗೆ ಸವರಿಕೊಂಡರು. ಅವರ ಚರ್ಮದ ಹಕ್ಕಳೆಯನ್ನೂ ಮಲಮೂತ್ರವನ್ನೂ ಹಿಟ್ಟಿನಲ್ಲಿ ಕಲಸಿದ ಗುಳಿಗೆಗಳನ್ನು ನುಂಗಿದರು. ಪತ್ನಿ ಮೇರಿ ಅವರು ತಾವೂ ಪಾಲುಗೊಳ್ಳುವೆನೆಂದು ಹಟ ಹಿಡಿದು ರೋಗಿಯ ರಕ್ತವನ್ನು ಚುಚ್ಚಿಸಿಕೊಂಡರು. ಕೆಲವರಿಗೆ ಹೊಟ್ಟೆ ಕೆಟ್ಟಿತೇ ಹೊರತು ಯಾರಿಗೂ ಪೆಲ್ಲಾಗ್ರ ಬರಲಿಲ್ಲ. ಹೇಸಿಗೆಯನ್ನು ಗೆದ್ದು ಸತ್ಯವನ್ನು ನಿಲ್ಲಿಸಿದ ಇಂಥ ಉದಾಹರಣೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅಪರೂಪವಾದುದು.

ಆದರೆ ಜನ ಆ ಕೊರತೆಯ ಊಟವನ್ನೇ ಏಕೆ ಉಣ್ಣುತ್ತಿದ್ದರು? ಈ ಪ್ರಶ್ನೆಯನ್ನು ಹಿಡಿದು ಅವರು ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರೊಡನೆ 1916ರಿಂದ ದಕ್ಷಿಣ ಕೆರೊಲಿನಾದ ಅರಳೆ ಗಿರಣಿಗಳ ಹಳ್ಳಿಗಳಲ್ಲಿ ಮನೆಮನೆಯ ತನಿಖೆಗೆ ಹೊರಟರು. ಈ ಎಡ್ಗರ್ ಅವರು ಮುಂದೆ ಪ್ರಸಿದ್ಧ ಕಾದಂಬರಿಕಾರ್ತಿಯಾದ ಪರ್ಲ್ ಬಕ್ ಅವರ ಅಣ್ಣ. ಯಾವ ಮನೆಯ ವರಮಾನ ಎಷ್ಟು, ಏನು ಕೊಂಡರು, ಏನು ಉಂಡರು, ಯಾರಿಗೆ ರೋಗ ಬಂದಿತು ಎಂಬುದನ್ನು ಅವರು ತಾಳ್ಮೆಯಿಂದ ಬರೆದುಕೊಂಡರು. ವರಮಾನ ಇಳಿದಂತೆ ರೋಗ ಏರುತ್ತಿತ್ತು. ಹತ್ತಿಯ ಬೆಳೆ ಮನೆಯ ಹೊಸ್ತಿಲವರೆಗೂ ಹಬ್ಬಿದ್ದುದರಿಂದ ಕಾಯಿಪಲ್ಲೆಗೂ ಹಸುವಿಗೂ ಜಾಗವಿರಲಿಲ್ಲ. ಗಿರಣಿಯ ಅಂಗಡಿಯಲ್ಲಿ ಸಾಲಕ್ಕೆ ದೊರೆಯುವ ಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಯ ಕೊಬ್ಬು, ಕಾಕಂಬಿ ಈ ಮೂರರಲ್ಲೇ ಸಂಸಾರ ಸಾಗಬೇಕಾಗಿದ್ದಿತು. ಪಿಷ್ಟ, ಕೊಬ್ಬು, ಸಕ್ಕರೆಗಳಿಂದ ದುಡಿಮೆಗೆ ಬೇಕಾದ ಶಕ್ತಿ ಒದಗುತ್ತಿತ್ತು. ಅಂಗಾಂಶಗಳನ್ನು ಕಟ್ಟುವ ಉತ್ತಮ ಸಸಾರಜನಕವೂ ಜೀವಸತ್ತ್ವಗಳೂ ಒದಗುತ್ತಿರಲಿಲ್ಲ. ನ್ಯೂರಿ, ಇನ್‌ಮನ್ ಮಿಲ್ಸ್ ಎಂಬ ಎರಡು ಹಳ್ಳಿಗಳ ವರಮಾನ ಬಹುಮಟ್ಟಿಗೆ ಒಂದೇ ಆಗಿದ್ದರೂ ತಾಜಾ ಪದಾರ್ಥಗಳು ಸುಲಭವಾಗಿ ದೊರೆಯುವ ನ್ಯೂರಿಯಲ್ಲಿ ರೋಗವಿರಲಿಲ್ಲ; ಅವು ದೊರೆಯದ ಇನ್‌ಮನ್ ಮಿಲ್ಸ್‌ನಲ್ಲಿ ರೋಗ ಹೇರಳವಾಗಿದ್ದಿತು. ವೈದ್ಯರಾದವರು ಬಡತನವನ್ನೇ ರೋಗದ ಬೇರೆಂದು ಅಂಕಿಅಂಶಗಳಿಂದ ತೋರಿಸಿದ ಮೊದಲ ಪ್ರಯತ್ನಗಳಲ್ಲಿ ಇದು ಒಂದು.

ಈ ನಿರ್ಣಯ ಅನೇಕರಿಗೆ ರುಚಿಸಲಿಲ್ಲ. 1920ರಲ್ಲಿ ಹತ್ತಿಯ ಧಾರಣೆ ಕುಸಿದಾಗ ಪೆಲ್ಲಾಗ್ರ ಮತ್ತೆ ಏರುವುದೆಂದು ಅವರು ಎಚ್ಚರಿಸಿದರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅವರು ನೆರವಿಗೆ ಮುಂದಾದಾಗ, ದಕ್ಷಿಣದ ಮುಖಂಡರು ಇದು ತಮ್ಮ ನಾಡಿಗೆ ಅಪಮಾನವೆಂದು ಸಿಡಿದರು. ಹಸಿವೂ ರೋಗವೂ ತಮ್ಮಲ್ಲಿ ಇಲ್ಲವೇ ಇಲ್ಲವೆಂದರು. ಗೋಲ್ಡ್‌ಬರ್ಗರ್ ಅವರು ವಾದದಲ್ಲಿ ಕಾಲ ಕಳೆಯದೆ ಶೋಧದಲ್ಲಿ ಮುಂದುವರಿದರು. ನಾಯಿಗಳಿಗೆ ಬರುವ ಕಪ್ಪು ನಾಲಿಗೆಯ ರೋಗ ಪೆಲ್ಲಾಗ್ರದ ಸೋದರವೆಂದು ಕಂಡು, ಯಾವ ಆಹಾರ ಅದನ್ನು ತಡೆಯುವುದೆಂದು ಒಂದೊಂದಾಗಿ ಪರೀಕ್ಷಿಸಿದರು. ಮದ್ಯ ತಯಾರಿಕೆಯಲ್ಲಿ ಬಳಸುವ ಯೀಸ್ಟ್ ಅತ್ಯಂತ ಅಗ್ಗದ ಔಷಧವೆಂದು ಹೊರಬಿದ್ದಿತು. 1927ರ ಮಿಸಿಸಿಪಿ ಮಹಾಪೂರದ ಸಮಯದಲ್ಲಿ ರೆಡ್‌ಕ್ರಾಸ್ ಸಂಸ್ಥೆಯ ಮೂಲಕ ಹಂಚಲಾದ ಯೀಸ್ಟ್ ಸಂತ್ರಸ್ತ ಜನರಲ್ಲಿ ಅನೇಕರನ್ನು ರೋಗದಿಂದ ಉಳಿಸಿತು. ಆದರೆ ಯೀಸ್ಟ್ ಆಪತ್ಕಾಲದ ಉಪಾಯ ಮಾತ್ರ. ಹಿತ್ತಿಲಲ್ಲಿ ಕಾಯಿಪಲ್ಲೆ, ಕೊಟ್ಟಿಗೆಯಲ್ಲಿ ಹಸು ಇವೇ ಶಾಶ್ವತ ಪರಿಹಾರವೆಂಬುದು ಅವರ ದೃಢವಾದ ನಿಲುವು.

ಆ ಅಜ್ಞಾತ ಅಂಶವನ್ನು ಬೇರ್ಪಡಿಸಿ ನೋಡುವ ಭಾಗ್ಯ ಅವರಿಗೆ ಲಭಿಸಲಿಲ್ಲ. ಮೂತ್ರಪಿಂಡದ ಕ್ಯಾನ್ಸರಿನಿಂದ ಬಳಲಿ 1929ರ ಜನವರಿ 17ರಂದು ತಮ್ಮ 54ನೆಯ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು. ಅವರ ಚಿತಾಭಸ್ಮವನ್ನು ಪೊಟೊಮ್ಯಾಕ್ ನದಿಯಲ್ಲಿ ವಿಸರ್ಜಿಸಲಾಯಿತು. ಅದೇ ವರ್ಷ ಜೀವಸತ್ತ್ವಗಳ ಶೋಧಕ್ಕಾಗಿ ಐಕ್‌ಮನ್ ಮತ್ತು ಹಾಪ್‌ಕಿನ್ಸ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅನೇಕ ಸಲ ಸೂಚಿತವಾಗಿದ್ದರೂ ಗೋಲ್ಡ್‌ಬರ್ಗರ್ ಅವರ ಹೆಸರಿಗೆ ಆ ಗೌರವ ಬರಲಿಲ್ಲ.

1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹ್ಯೆಮ್ ಅವರು ಯಕೃತ್ತಿನಿಂದ ಆ ಅಂಶವನ್ನು ಬೇರ್ಪಡಿಸಿ, ಅದು ನಿಕೊಟಿನಿಕ್ ಆಮ್ಲವೆಂದು ತೋರಿಸಿದರು. ರಸಾಯನಶಾಸ್ತ್ರಜ್ಞರಿಗೆ ಎಪ್ಪತ್ತು ವರ್ಷಗಳಿಂದ ಪರಿಚಿತವಾಗಿದ್ದ ಈ ಸಾಮಾನ್ಯ ವಸ್ತುವೇ ಇಂದು ನಯಾಸಿನ್ ಎಂದು ಕರೆಯಲಾಗುವ, ಬಿ ವರ್ಗಕ್ಕೆ ಸೇರಿದ ಜೀವಸತ್ತ್ವ. ಪಿಷ್ಟ, ಕೊಬ್ಬು, ಸಸಾರಜನಕಗಳಿಂದ ಶಕ್ತಿಯನ್ನು ಬಿಡಿಸುವ ಕ್ರಿಯೆಗೆ ಇದು ಬೇಕೇ ಬೇಕು. ಆದುದರಿಂದ ಇದಿಲ್ಲದಾಗ ತುಂಬಿದ ಕಣಜವೂ ಬೀಗ ಹಾಕಿದ ಕಣಜದಂತೆ ನಿಷ್ಪ್ರಯೋಜಕವಾಗುವುದು. ಒಂದು ಸಂದೇಹ ಮಾತ್ರ ಉಳಿದಿತ್ತು. ಹಾಲಿನಲ್ಲಿ ನಯಾಸಿನ್ ಅತ್ಯಲ್ಪ; ಆದರೂ ಹಾಲು ಅನಾಥ ಮಕ್ಕಳನ್ನು ಉಳಿಸಿದುದು ಹೇಗೆ? ಸಸಾರಜನಕದ ಘಟಕವಾದ ಟ್ರಿಪ್ಟೊಫಾನಿನಿಂದ ದೇಹವೇ ನಯಾಸಿನ್ನನ್ನು ತಯಾರಿಸಿಕೊಳ್ಳುವುದೆಂದು 1945ರಲ್ಲಿ ಗೊತ್ತಾಯಿತು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್ 1 ಮಿಲಿಗ್ರಾಂ ನಯಾಸಿನ್ ಆಗುವುದು. ಹಾಲಿನಲ್ಲಿ ಈ ಘಟಕ ಸಮೃದ್ಧವಾಗಿದೆ. ಗೋವಿನ ಜೋಳದಲ್ಲಿ ಟ್ರಿಪ್ಟೊಫಾನ್ ಕಡಮೆ. ಇದ್ದ ನಯಾಸಿನ್ನೂ ದೇಹಕ್ಕೆ ಸುಲಭವಾಗಿ ದಕ್ಕದ ರೂಪದಲ್ಲಿದೆ. ಮೆಕ್ಸಿಕೊ ದೇಶದವರು ಪುರಾತನ ಕಾಲದಿಂದಲೂ ಗೋವಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುತ್ತಿದ್ದುದರಿಂದ ಅದು ಬಿಡುಗಡೆಗೊಂಡು ಅವರು ಉಳಿದರು. ಜೋಳವನ್ನು ಕೊಂಡೊಯ್ದ ಯುರೋಪಿನವರು ಈ ಪಾಕಕ್ರಮವನ್ನು ಕೊಂಡೊಯ್ಯಲಿಲ್ಲ. ಗೋಲ್ಡ್‌ಬರ್ಗರ್ ಅವರು 1922ರಷ್ಟು ಮೊದಲೇ ಸಸಾರಜನಕದ ಘಟಕವೊಂದರ ಕೊರತೆಯನ್ನು ಶಂಕಿಸಿ, ಟ್ರಿಪ್ಟೊಫಾನಿನ ಕಡೆಗೇ ಬೆರಳು ತೋರಿದ್ದುದು ಅವರ ದೂರದೃಷ್ಟಿಗೆ ಸಾಕ್ಷಿಯಾಗಿದೆ. 1940ರ ದಶಕದಲ್ಲಿ ಅಮೆರಿಕವು ರೊಟ್ಟಿಯ ಹಿಟ್ಟಿಗೆ ನಯಾಸಿನ್ ಬೆರೆಸತೊಡಗಿತು. ಜನರ ವರಮಾನವೂ ಊಟವೂ ಸುಧಾರಿಸಿದವು. ಅಂದಾಜು ಒಂದು ಲಕ್ಷ ಜನರನ್ನು ಬಲಿಗೊಂಡ ರೋಗ ಆ ದೇಶದಿಂದ ಬಹುತೇಕ ಕಾಲ್ತೆಗೆಯಿತು.

ಈ ಚರಿತ್ರೆಗೂ ದಖ್ಖನಿನ ನೆಲಕ್ಕೂ ಸಂಬಂಧವಿಲ್ಲದಿಲ್ಲ. ಗೋವಿನ ಜೋಳವನ್ನಲ್ಲ, ಬಿಳಿಯ ಜೋಳವನ್ನೇ ನೆಚ್ಚಿದ ದಖ್ಖನಿನ ಬಡ ದುಡಿಮೆಗಾರರಲ್ಲಿಯೂ ಪೆಲ್ಲಾಗ್ರ ಕಾಣಿಸಿಕೊಳ್ಳುತ್ತಿದ್ದುದನ್ನು ಹೈದರಾಬಾದಿನ ಪೋಷಣ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಲೋಕದ ಗಮನಕ್ಕೆ ತಂದರು. ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಘಟಕ ಇದಕ್ಕೆ ಕಾರಣವಿರಬಹುದೆಂದು ಅವರು ಸೂಚಿಸಿದರು. ಆ ವಿಷಯದಲ್ಲಿ ವಿದ್ವಾಂಸರ ಚರ್ಚೆ ಮುಂದೆಯೂ ನಡೆಯಿತು. ಇದರಿಂದ ಜೋಳದ ರೊಟ್ಟಿಗೆ ದೋಷ ತಟ್ಟಲಾರದು. ರೊಟ್ಟಿಯ ಜೊತೆಗೆ ಹೆಸರುಕಾಳೋ ತೊಗರಿಬೇಳೆಯೋ, ಪುಂಡಿಪಲ್ಲೆಯೋ ಮೆಂತ್ಯಪಲ್ಲೆಯೋ, ಶೇಂಗಾ ಚಟ್ನಿ, ಒಂದು ಬಟ್ಟಲು ಮಜ್ಜಿಗೆ ಇರುವ ಹಿರಿಯರ ಊಟದಲ್ಲಿ ಯಾವ ಕೊರತೆಯೂ ಇಲ್ಲ. ರೊಟ್ಟಿ ಉಳಿದು ಜೊತೆಗಾರರೆಲ್ಲ ತಟ್ಟೆಯಿಂದ ಮರೆಯಾದಾಗ ಮಾತ್ರ ರೋಗ ಒಳನುಗ್ಗುವುದು. ಶಾಸ್ತ್ರವು ಇಂದು ಹೇಳುವ ಸಮತೋಲ ಆಹಾರವೂ ಇದೇ: ಪಿಷ್ಟವಾಗಲಿ ಕೊಬ್ಬಾಗಲಿ ಜೀವಸತ್ತ್ವವಾಗಲಿ ಒಂಟಿಯಾಗಿ ಆರೋಗ್ಯವನ್ನು ಕಾಯಲಾರದು.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಬೆಳೆದವರಿಗೆ ಜಾಕ್ಸನ್ ನಗರದ ಆ ನಡುವಯಸ್ಸಿನ ಮಕ್ಕಳು ಪರಕೀಯರಾಗಿ ಕಾಣಲಾರರು. ಕೂಸೂ ಅಲ್ಲದ, ದುಡಿಯುವವರೂ ಅಲ್ಲದ, ಕೇಳುವ ಧೈರ್ಯವೂ ಇಲ್ಲದ ಮಕ್ಕಳೇ ಎಲ್ಲ ವಸತಿಶಾಲೆಗಳ ಪಂಕ್ತಿಗಳಲ್ಲಿ ಕುಳಿತಿರುತ್ತಾರೆ. ಎಷ್ಟು ಎಲೆ ಹಾಕಲಾಯಿತೆಂದು ಎಣಿಸುವುದರ ಜೊತೆಗೆ ಎಲೆಯಲ್ಲಿ ಏನು ಬಿದ್ದಿತೆಂದು ಬಗ್ಗಿ ನೋಡುವುದೂ ದಾಸೋಹದ ಅಂಗವೆಂಬುದನ್ನು ಕಿರಾಣಿ ಅಂಗಡಿಯವನ ಮಗನಾದ ಆ ವೈದ್ಯರ ಬಾಳು ತೋರಿಸಿಕೊಟ್ಟಿದೆ. ದಾನಿಯ ಒಂದು ಚೀಲ ಜೋಳದ ಪಕ್ಕದಲ್ಲಿ ಇನ್ನೊಬ್ಬ ದಾನಿಯ ಒಂದು ಚೀಲ ಬೇಳೆ, ಮತ್ತೊಬ್ಬರ ಕೊಟ್ಟಿಗೆಯ ಒಂದು ಕೊಡ ಹಾಲು ಬಂದು ಕೂಡಿದಾಗಲೇ ಆ ಅನ್ನ ಪೂರ್ಣವಾಗುವುದು. ಉಂಡ ಮಗು ಬೆಳೆಯುವುದು.